ರೋಟರಿ ಸಭೆಯಲ್ಲಿ ಹೊಸ ಸದಸ್ಯರ ಪರಿಚಯದ ಮಾತು
ಸಮಾಜಸೇವಾ ಸಂಸ್ಥೆಯಾದ ರೋಟರಿ ಕ್ಲಬ್ಬಿಗೆ ಹೊಸದಾಗಿ ಸೇರಿರುವ ತಾವು, ಸಭೆಯಲ್ಲಿ ತಮ್ಮ ಜೀವನದ ಬಗ್ಗೆ ಮಾತನಾಡುವಾಗ ಓದು, ಹುದ್ದೆ, ಸನ್ಮಾನಗಳನ್ನೆಲ್ಲ ಹೇಳಬೇಕೇ ಎಂದು ಕೇಳಿದ್ದೀರಿ. ಅವನ್ನು ಎರಡು ಮಾತಿನಲ್ಲಿ ಮುಗಿಸಿ, ಉಳಿದ ಸಮಯವನ್ನು ವೃತ್ತಿಗೆ ಮೀಸಲಿಡುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ. 1905ರ ಫೆಬ್ರುವರಿ 23ರಂದು ಷಿಕಾಗೊದಲ್ಲಿ ರೋಟರಿಯ ಮೊದಲ ಸಭೆಗೆ ಸೇರಿದ ನಾಲ್ವರಲ್ಲಿ ಸ್ಥಾಪಕ ಪಾಲ್ ಹ್ಯಾರಿಸ್ ವಕೀಲರಾಗಿದ್ದರೆ, ಉಳಿದವರು ಕಲ್ಲಿದ್ದಲು ವ್ಯಾಪಾರಿ, ಗಣಿ ಎಂಜಿನಿಯರ್ ಮತ್ತು ದರ್ಜಿ. ಬೇರೆ ಬೇರೆ ಕಸುಬಿನವರ ಒಡನಾಟವೇ ಈ ಸಂಸ್ಥೆಯ ಬುನಾದಿ. ತಾವು ಔಷಧದಂಗಡಿ ನಡೆಸುವವರಾದ್ದರಿಂದ, ವೈದ್ಯರ ಚೀಟಿಯ ಅಕ್ಷರ ತಿಳಿಯದಿದ್ದಾಗ ಏನು ಮಾಡುತ್ತೀರಿ, ಕರೆಂಟು ಹೋದಾಗ ಇನ್ಸುಲಿನ್ ಹೇಗೆ ಕಾಪಾಡುತ್ತೀರಿ ಎಂಬುದನ್ನು ವಿವರಿಸಿದರೆ, ಮುಂದೆ ಆರೋಗ್ಯ ಶಿಬಿರ ನಡೆಸುವಾಗ ಯಾವ ಹೊಣೆಯನ್ನು ತಮಗೆ ಒಪ್ಪಿಸಬಹುದೆಂಬುದು ಎಲ್ಲರಿಗೂ ತಿಳಿಯುತ್ತದೆ. ಮನೆಯ ಕಷ್ಟನಷ್ಟಗಳನ್ನು ಮನಸ್ಸು ಒಪ್ಪಿದಷ್ಟು ಮಾತ್ರ ಹೇಳಿ. ಅದಕ್ಕೆ ಯಾರೂ ಒತ್ತಾಯಿಸಬಾರದು.