ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಇದು ನಾನೇ’ ಎಂದು ಸಾಧನವೇ ಹೇಳಲಿ

ಪ್ರಶ್ನೆ: ಇಎಸ್‌ಪಿ32 (ವೈಫೈ ಇರುವ ಪುಟ್ಟ ಚಿಪ್) ಬಳಸಿ ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಹೋಮ್ ಸಾಧನಗಳಿಗೆ ಒಂದೇ ಮಾನದಂಡ) ಒಪ್ಪುವ ನಾಲ್ಕು ದೀಪಗಳನ್ನು ಮಾಡಿದ್ದೇನೆ. ಪೇರಿಂಗ್ ಮಾಡುವಾಗ ಆ್ಯಪ್‌ನಲ್ಲಿ ‘ಗುರುತಿಸು’ ಬಟನ್ ಒತ್ತಿದರೆ ಯಾವ ದೀಪವೂ ಮಿಟುಕುವುದಿಲ್ಲ. ಫರ್ಮ್‌ವೇರ್‌ನಲ್ಲಿ (ಚಿಪ್‌ನೊಳಗಿನ ಪ್ರೋಗ್ರಾಂ) ಏನು ಬರೆಯಬೇಕು?

ಉತ್ತರ: ಮ್ಯಾಟರ್‌ನಲ್ಲಿ ಇದಕ್ಕೆಂದೇ ಐಡೆಂಟಿಫೈ ಎಂಬ ಕ್ಲಸ್ಟರ್ (ಒಂದು ಕೆಲಸಕ್ಕೆ ಸೇರಿದ ಆದೇಶ, ಮಾಹಿತಿಗಳ ಗುಂಪು) ಇದೆ, ಸಂಖ್ಯೆ 3. ಎಷ್ಟು ಸೆಕೆಂಡ್ ಗುರುತು ತೋರಿಸಬೇಕು ಎಂಬುದನ್ನು ಆ್ಯಪ್ ಕಳಿಸುತ್ತದೆ. ಆ ಸಂಖ್ಯೆ ಸೆಕೆಂಡಿಗೆ ಒಂದರಂತೆ ಇಳಿಯುತ್ತದೆ. ಸೊನ್ನೆಯಾದಾಗ ಗುರುತು ನಿಲ್ಲಬೇಕು. ಈ ಎಣಿಕೆಯನ್ನು ಎಸ್‌ಡಿಕೆ (ಸಿದ್ಧ ಕೋಡಿನ ಕಿಟ್) ನೋಡಿಕೊಳ್ಳುತ್ತದೆ. ಎಲ್‌ಇಡಿ ಮಿಟುಕಿಸುವುದು ಮಾತ್ರ ನಿಮ್ಮ ಪಾಲು, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಉದಾಹರಣೆ ಕೋಡ್‌ನಲ್ಲಿ, ಆದೇಶ ಬಂದಾಗ ಎಸ್‌ಡಿಕೆ ಕರೆಯುವ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಒಂದು ಲಾಗ್ ಸಾಲು ಬರೆದು ಸುಮ್ಮನಾಗುತ್ತದೆ. ನಿಮ್ಮ ಸೀರಿಯಲ್ ಮಾನಿಟರ್‌ನಲ್ಲಿ ಆ ಸಾಲು ಕಾಣಿಸುತ್ತಿದ್ದರೆ ಆದೇಶ ಬಂದು ತಲುಪಿದೆ ಎಂದೇ ಅರ್ಥ.

ಇಎಸ್‌ಪಿ-ಮ್ಯಾಟರ್‌ನಲ್ಲಿ (ಇಎಸ್‌ಪಿ32 ಚಿಪ್‌ಗಳ ಮ್ಯಾಟರ್ ಎಸ್‌ಡಿಕೆ) ಈ ಕಾಲ್‌ಬ್ಯಾಕ್ ಮೂರು ಬಗೆಯಲ್ಲಿ ಬರುತ್ತದೆ: ಶುರು, ನಿಲುಗಡೆ, ಎಫೆಕ್ಟ್. ‘ಒಮ್ಮೆ ಮಿಟುಕು’, ‘ಉಸಿರಾಡಿದಂತೆ ಬೆಳಗು’ ಮುಂತಾದ ಎಫೆಕ್ಟ್‌ಗಳು ಬೇರೆ ಆದೇಶದಿಂದ ಬರುತ್ತವೆ. ಹಾಗಾಗಿ ಶುರು-ನಿಲುಗಡೆಯನ್ನಷ್ಟೇ ನೋಡಿಕೊಂಡರೆ ಕೆಲವೊಮ್ಮೆ ಬಟನ್ ಸತ್ತಂತೆ ತೋರುತ್ತದೆ. ಎಫೆಕ್ಟ್ ಬಂದಾಗಲೂ ಕನಿಷ್ಠ ಒಂದು ಮಿಟುಕು ಇರಲಿ. ಆರ್ಡುಯಿನೋ ಲೈಬ್ರರಿಯಲ್ಲಿ ಇದು ಇನ್ನೂ ಸರಳ: ಎಂಡ್‌ಪಾಯಿಂಟ್‌ಗೆ (ಸಾಧನದೊಳಗಿನ ಒಂದೊಂದು ದೀಪ ಅಥವಾ ಸ್ವಿಚ್) ಐಡೆಂಟಿಫೈ ಕಾಲ್‌ಬ್ಯಾಕ್ ಕೊಟ್ಟರೆ ಅದಕ್ಕೆ ‘ನಡೆಯುತ್ತಿದೆ’ ಅಥವಾ ‘ಇಲ್ಲ’ ಎಂಬ ಒಂದೇ ಬೂಲಿಯನ್ ಬರುತ್ತದೆ.

ಒಂದೇ ಬೋರ್ಡ್‌ನಲ್ಲಿ ನಾಲ್ಕು ಸ್ವಿಚ್ ಇದ್ದರೆ ಕಾಲ್‌ಬ್ಯಾಕ್ ಕೊಡುವ ಎಂಡ್‌ಪಾಯಿಂಟ್ ಸಂಖ್ಯೆ ನೋಡಿ ಆ ಸ್ವಿಚ್‌ನ ಎಲ್‌ಇಡಿಯನ್ನೇ ಮಿಟುಕಿಸಿ. ನಾಲ್ಕೂ ಒಟ್ಟಿಗೆ ಮಿಟುಕಿದರೆ ಗುರುತು ಸಿಕ್ಕಂತಾಗಲಿಲ್ಲ.

ಎಲ್‌ಇಡಿ ಬೇರೆಯಾಗಿ ಹಾಕುವುದಾದರೆ 330 ಓಮ್ ರೆಸಿಸ್ಟರ್ ಸಾಕು. ಕೆಂಪು ಎಲ್‌ಇಡಿಗೆ ಸುಮಾರು 4 ಮಿಲಿಆಂಪ್ ಹರಿಯುತ್ತದೆ. ಮೂಲ ಇಎಸ್‌ಪಿ32 ಚಿಪ್‌ನಲ್ಲಿ ಜಿಪಿಐಒ (ಇನ್‌ಪುಟ್-ಔಟ್‌ಪುಟ್ ಪಿನ್) 34ರಿಂದ 39 ಇನ್‌ಪುಟ್ ಮಾತ್ರ, 6ರಿಂದ 11 ಫ್ಲ್ಯಾಶ್ ಮೆಮೊರಿಗೆ ಮೀಸಲು. ಜಿಪಿಐಒ 12 ಬೂಟ್ ಆಗುವಾಗ ಫ್ಲ್ಯಾಶ್‌ನ ವೋಲ್ಟೇಜ್ ನಿರ್ಧರಿಸುವ ಪಿನ್, ಅದರ ತಂಟೆಗೂ ಹೋಗಬೇಡಿ. ಇನ್ನೊಂದು ಮಾತು: ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಬೋರ್ಡ್‌ಗೆ ಅದೇ ಹೊತ್ತಿನಲ್ಲಿ ಯುಎಸ್‌ಬಿ ಕೇಬಲ್ ಚುಚ್ಚಬೇಡಿ. ಹಲವು ಪ್ಲಗ್‌ಗಳ ಒಳಗಿನ ಪವರ್ ಸಪ್ಲೈ ಐಸೊಲೇಟೆಡ್ (ಗೋಡೆಯ ವಿದ್ಯುತ್ತಿನಿಂದ ಪ್ರತ್ಯೇಕ) ಆಗಿರುವುದಿಲ್ಲ. ಕಂಪ್ಯೂಟರ್ ಹೋದರೆ ಹೋಗಲಿ, ಜೀವಕ್ಕೇ ಅಪಾಯ.

ಪ್ರಶ್ನೆ: ಮಿಟುಕಿಸುವ ಕೋಡ್ ಬರೆದೆ. ದೀಪವೇನೋ ಮಿಟುಕುತ್ತದೆ, ಆದರೆ ಪೇರಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಕೆಲವೊಮ್ಮೆ ಆ್ಯಪ್‌ನಲ್ಲೂ ದೀಪ ಆನ್, ಆಫ್ ಎಂದು ಕುಣಿಯುತ್ತದೆ.

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು.

ಮೊದಲನೆಯದು, ಕಾಲ್‌ಬ್ಯಾಕ್ ಒಳಗೇ ಡಿಲೇ ಹಾಕಿ ಲೂಪ್ ಸುತ್ತಿಸಿರುತ್ತೀರಿ. ಕಾಲ್‌ಬ್ಯಾಕ್ ನಡೆಯುವುದು ಮ್ಯಾಟರ್‌ನದೇ ಟಾಸ್ಕ್‌ನಲ್ಲಿ. ಹತ್ತು ಸೆಕೆಂಡ್ ಅದನ್ನು ಹಿಡಿದಿಟ್ಟರೆ ಅಷ್ಟು ಹೊತ್ತು ಫೋನಿಗೆ ಉತ್ತರವೇ ಹೋಗುವುದಿಲ್ಲ. ಪಾಸ್‌ಕೋಡ್ ಒಪ್ಪಿಗೆಯಾದ ಕ್ಷಣದಿಂದ ಸಾಧನದಲ್ಲಿ 60 ಸೆಕೆಂಡಿನ ಫೇಲ್‌ಸೇಫ್ ಟೈಮರ್ ಓಡುತ್ತಿರುತ್ತದೆ. ಫೋನು ಅದನ್ನು ಆಗಾಗ ಮುಂದೂಡಬೇಕು; ಮಾತುಕತೆಯೇ ನಿಂತರೆ ಅದು ಮುಗಿದು, ಅಲ್ಲಿಯವರೆಗೆ ಆದ ಪೇರಿಂಗ್ ಎಲ್ಲ ರದ್ದಾಗುತ್ತದೆ. ಕಾಲ್‌ಬ್ಯಾಕ್‌ನಲ್ಲಿ ಒಂದು ಫ್ಲ್ಯಾಗ್ ಏರಿಸಿ ಹೊರಬನ್ನಿ, ಅಷ್ಟೇ. ಮಿಟುಕಿಸುವ ಕೆಲಸ ಮುಖ್ಯ ಲೂಪಿನದೋ ಟೈಮರಿನದೋ ಆಗಲಿ: ಫ್ಲ್ಯಾಗ್ ಏರಿದ್ದು, ಹಿಂದಿನ ಬದಲಾವಣೆಯಾಗಿ 250 ಮಿಲಿಸೆಕೆಂಡ್ ಕಳೆದಿದ್ದರೆ ಪಿನ್ ತಿರುಗಿಸು, ಸಮಯ ಬರೆದಿಟ್ಟುಕೋ. ಹೀಗೆ ಅರ್ಧ ಸೆಕೆಂಡಿಗೆ ಒಂದು ಮಿಟುಕು ಬರುತ್ತದೆ. ಕಣ್ಣಿಗೆ ಅದು ಚೆನ್ನಾಗಿ ಬೀಳುತ್ತದೆ.

ಎರಡನೆಯದು, ಮಿಟುಕಿಸಲು ಆನ್-ಆಫ್ ಆಟ್ರಿಬ್ಯೂಟನ್ನೇ (ಮ್ಯಾಟರ್ ಇಟ್ಟುಕೊಳ್ಳುವ ದೀಪದ ಸ್ಥಿತಿಯ ದಾಖಲೆ) ಬದಲಿಸುತ್ತಿದ್ದೀರಿ. ಪ್ರತಿ ಬದಲಾವಣೆಯೂ ಆ್ಯಪ್‌ಗೆ ವರದಿಯಾಗುತ್ತದೆ. ‘ದೀಪ ಹತ್ತಿದರೆ ಫ್ಯಾನ್ ತಿರುಗಲಿ’ ಎಂಬಂಥ ಆಟೊಮೇಷನ್ ಇದ್ದರೆ ಫ್ಯಾನೂ ಜೊತೆಗೆ ಕುಣಿಯುತ್ತದೆ. ಸಾಲದ್ದಕ್ಕೆ ಆ ಸ್ಥಿತಿ ಫ್ಲ್ಯಾಶ್‌ನಲ್ಲಿ ಉಳಿಯುವಂಥದ್ದಾದ್ದರಿಂದ ಸುಮ್ಮನೆ ಬರಹ ಹೆಚ್ಚುತ್ತದೆ. ನೇರವಾಗಿ ಪಿನ್ ಅಥವಾ ಪಿಡಬ್ಲ್ಯುಎಂ (ಬೆಳಕಿನ ಪ್ರಮಾಣ ಬದಲಿಸುವ ವಿಧಾನ) ಮಟ್ಟದಲ್ಲೇ ಮಿಟುಕಿಸಿ.

ಮುಗಿದಾಗ ದೀಪ ಮೊದಲಿನಂತಾಗಬೇಕಲ್ಲ, ಅದಕ್ಕೆ ಹಲವರು ಶುರುವಿನಲ್ಲೇ ಹಳೆಯ ಸ್ಥಿತಿಯನ್ನು ಒಂದು ವೇರಿಯಬಲ್‌ನಲ್ಲಿ ತೆಗೆದಿಡುತ್ತಾರೆ. ಅದು ಬೇಡ. ನಡುವೆ ಯಾರಾದರೂ ಆ್ಯಪ್‌ನಿಂದ ದೀಪ ಆರಿಸಿದರೆ, ಕೊನೆಗೆ ನಿಮ್ಮ ಕೋಡ್ ಅದನ್ನು ಮತ್ತೆ ಹತ್ತಿಸಿಬಿಡುತ್ತದೆ. ನಿಲುಗಡೆ ಬಂದ ಕ್ಷಣ ಆಟ್ರಿಬ್ಯೂಟ್‌ನ ಆಗಿನ ಬೆಲೆಯನ್ನೇ ಓದಿ ಪಿನ್‌ಗೆ ಕೊಡಿ.

ಪ್ರಶ್ನೆ: ಕಿಟಕಿಯ ಪಕ್ಕದ ದೀಪದ ಕೋಡ್ ಕೊಟ್ಟರೆ ಬಾಗಿಲ ಪಕ್ಕದ್ದು ಪೇರ್ ಆಗುತ್ತದೆ! ಎಲ್ಲಕ್ಕೂ ಒಂದೇ ಫರ್ಮ್‌ವೇರ್ ಹಾಕಿದ್ದೇನೆ.

ಉತ್ತರ: ಕಾರಣವನ್ನು ನೀವೇ ಹೇಳಿದ್ದೀರಿ. ಉದಾಹರಣೆ ಫರ್ಮ್‌ವೇರ್‌ಗಳೆಲ್ಲ ಪರೀಕ್ಷೆಗೆಂದು ಇಟ್ಟ ಡಿಸ್ಕ್ರಿಮಿನೇಟರ್ (ಪೇರಿಂಗ್‌ಗೆ ಫೋನು ಸಾಧನವನ್ನು ಹುಡುಕುವ ಸಂಖ್ಯೆ) 3840, ಪಾಸ್‌ಕೋಡ್ 20202021 ಹೊತ್ತೇ ಬರುತ್ತವೆ. ಎರಡು ದೀಪಕ್ಕೆ ಒಟ್ಟಿಗೆ ಕರೆಂಟ್ ಕೊಟ್ಟರೆ ಫೋನಿಗೆ ಯಾವುದು ಮೊದಲು ಸಿಕ್ಕಿತೋ ಅದೇ ಪೇರ್ ಆಗುತ್ತದೆ. ಇಲ್ಲಿ ಐಡೆಂಟಿಫೈ ನೆರವಿಗೆ ಬರುವುದಿಲ್ಲ. ಆ ಆದೇಶ ಬರುವುದೇ ಪಾಸ್‌ಕೋಡ್ ಒಪ್ಪಿಗೆಯಾದ ಮೇಲೆ.

ಪ್ರತಿ ಸಾಧನಕ್ಕೂ ಬೇರೆ ಸಂಖ್ಯೆ ಕೊಡಿ. ಆದರೆ 3841, 3842 ಎಂದು ಒಂದೊಂದೇ ಏರಿಸಿದರೆ ಪ್ರಯೋಜನ ಅರ್ಧ. ಡಿಸ್ಕ್ರಿಮಿನೇಟರ್ 12 ಬಿಟ್‌ನದು. ಕ್ಯೂಆರ್ ಕೋಡ್‌ನಲ್ಲಿ 12ನ್ನೂ ಹಾಕಿರುತ್ತಾರೆ. ಕೈಯಲ್ಲಿ ಟೈಪ್ ಮಾಡುವ 11 ಅಂಕಿಯ ಕೋಡ್‌ನಲ್ಲಿ ಮೇಲಿನ 4 ಬಿಟ್ ಮಾತ್ರ ಇರುತ್ತದೆ. ಅದರ ಪ್ರಕಾರ 3840ರಿಂದ 4095ರವರೆಗೆ ಎಲ್ಲವೂ ಒಂದೇ. 256, 512, 768 ಹೀಗೆ 256ರ ಅಂತರ ಇಡಿ.

ಪಾಸ್‌ಕೋಡ್ ಬದಲಿಸಿದರೆ ಅದರಿಂದ ಹುಟ್ಟುವ ವೆರಿಫೈಯರನ್ನೂ (ಕೋಡ್ ಸರಿಯೇ ಎಂದು ಸಾಧನ ತಾಳೆ ನೋಡುವ ಮಾಹಿತಿ) ಹೊಸದಾಗಿ ಮಾಡಬೇಕು. ಹಳೆಯದು ಉಳಿದರೆ ಸರಿಯಾದ ಕೋಡನ್ನೂ ಸಾಧನ ತಿರಸ್ಕರಿಸುತ್ತದೆ. 12345678, 11111111ರಂಥ ಕೋಡ್‌ಗಳಿಗೆ ಮ್ಯಾಟರ್‌ನಲ್ಲಿ ಅನುಮತಿಯೇ ಇಲ್ಲ. ಇಎಸ್‌ಪಿ32 ತಯಾರಿಸುವ ಎಸ್‌ಪ್ರೆಸಿಫ್‌ನ ಮ್ಯಾನ್ಯುಫ್ಯಾಕ್ಚರಿಂಗ್ ಟೂಲ್ ಇದನ್ನೆಲ್ಲ ಸೇರಿಸಿ ಫ್ಯಾಕ್ಟರಿ ಪಾರ್ಟಿಷನ್ (ಸಾಧನದ ಸ್ವಂತ ಮಾಹಿತಿ ಇಡುವ ಫ್ಲ್ಯಾಶ್ ಭಾಗ) ಫೈಲ್ ಮತ್ತು ಕ್ಯೂಆರ್ ಚಿತ್ರ ಮಾಡಿಕೊಡುತ್ತದೆ. ಫೈಲನ್ನು ಪಾರ್ಟಿಷನ್ ಟೇಬಲ್‌ನಲ್ಲಿರುವ ವಿಳಾಸಕ್ಕೇ ಬರೆಯಿರಿ. ಫ್ಯಾಕ್ಟರಿ ಡೇಟಾ ಓದಬೇಕೆಂದು ಮೆನುಕಾನ್ಫಿಗ್‌ನಲ್ಲೂ (ಫರ್ಮ್‌ವೇರ್ ಸೆಟ್ಟಿಂಗ್‌ಗಳ ಪಟ್ಟಿ) ಹೇಳಿರಬೇಕು. ಇಲ್ಲವಾದರೆ ಮತ್ತೆ 3840ಕ್ಕೇ ಬರುತ್ತೀರಿ. ಕ್ಯೂಆರ್ ಚೀಟಿಯನ್ನು ಆಗಲೇ ಅಂಟಿಸಿಬಿಡಿ, ಚೀಟಿಗಳು ಅದಲುಬದಲಾದರೆ ಪಟ್ಟ ಪಾಡೆಲ್ಲ ನೀರುಪಾಲು.

ಪ್ರಶ್ನೆ: ಹೋಮ್‌ಕಿಟ್ (ಆಪಲ್‌ನ ಸ್ಮಾರ್ಟ್ ಹೋಮ್ ವ್ಯವಸ್ಥೆ) ಸಾಧನದಲ್ಲಿ ಪೇರಿಂಗ್‌ಗೆ ಮೊದಲು ಗುರುತಿಸುವಿಕೆ ಕೆಲಸ ಮಾಡುತ್ತದೆ, ಆಮೇಲೆ 400 ದೋಷ ಬರುತ್ತದೆ.

ಉತ್ತರ: ಅದು ದೋಷವಲ್ಲ, ನಿಯಮ. ವೈಫೈ ಮೇಲಿನ ಹೋಮ್‌ಕಿಟ್‌ನಲ್ಲಿ ‘ಐಡೆಂಟಿಫೈ’ ವಿಳಾಸಕ್ಕೆ ಬರುವ ಪೋಸ್ಟ್ ಕೋರಿಕೆ ಪೇರ್ ಆಗದ ಸಾಧನಕ್ಕೆ ಮಾತ್ರ. ಆಗ ಉತ್ತರ 204, ಅಂದರೆ ‘ಆಯಿತು’. ಪೇರ್ ಆದ ಮೇಲೆ 400, ಜೊತೆಗೆ -70401 (‘ಅನುಮತಿ ಇಲ್ಲ’) ಕೊಡಲೇಬೇಕು. ಇಲ್ಲವಾದರೆ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ದೀಪ ಮಿಟುಕಿಸಬಹುದು. ಆ ಬಳಿಕ ಬಳಸುವುದು ಅಕ್ಸೆಸರಿ ಇನ್ಫರ್ಮೇಷನ್ ಸರ್ವಿಸ್‌ನಲ್ಲಿರುವ ಐಡೆಂಟಿಫೈ ಕ್ಯಾರೆಕ್ಟರಿಸ್ಟಿಕ್ (ಮ್ಯಾಟರ್‌ನ ಆಟ್ರಿಬ್ಯೂಟ್‌ನಂಥದ್ದು). ಎರಡೂ ದಾರಿಯಿಂದ ಒಂದೇ ಫಂಕ್ಷನ್ ಕರೆಯಿರಿ.

ಪ್ರಶ್ನೆ: ನನ್ನ ಪ್ಲಗ್‌ನಲ್ಲಿ ಎಲ್‌ಇಡಿಯೇ ಇಲ್ಲ. ರಿಲೇಯನ್ನೇ ಟಕಟಕ ಅನ್ನಿಸಬಹುದೇ?

ಉತ್ತರ: ಬೇಡ. ಅರ್ಧ ಸೆಕೆಂಡಿಗೊಮ್ಮೆ ಎಂದರೆ ಒಂದು ನಿಮಿಷದಲ್ಲಿ 120 ಸಲ ಕಾಂಟ್ಯಾಕ್ಟ್ ಕೂಡಿ ಬಿಡುತ್ತದೆ. ಅದರ ಆಚೆ ಮೋಟರೋ ಕಂಪ್ರೆಸರೋ ಇದ್ದರೆ ಅದೂ ಹಾಳು. ಪುಟ್ಟ ಆ್ಯಕ್ಟಿವ್ ಬಜರ್ ಹಾಕಿ; ಅದು ಎಳೆಯುವ ಕರೆಂಟ್ ಪಿನ್‌ಗೆ ಹೊರೆಯಾಗದಂತೆ ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್, ಬೇಸ್‌ಗೆ 1 ಕಿಲೋಓಮ್. ಗುರುತು ತೋರಿಸುವ ಬಗೆ ಹೇಳುವ ಐಡೆಂಟಿಫೈ ಟೈಪ್ ಆಟ್ರಿಬ್ಯೂಟನ್ನು 3, ಅಂದರೆ ‘ಸದ್ದು’ ಎಂದು ಬದಲಿಸುವುದನ್ನು ಮರೆಯಬೇಡಿ.