ತಂದೆ-ತಾಯಿಯೊಂದಿಗೆ ಮೊದಲ ಸಲ ಬ್ಯಾಂಕಾಕ್‌ಗೆ ಹೋಗುವವರು ಊರನ್ನು ಎಲ್ಲಿಂದ ನೋಡಲು ತೊಡಗಬೇಕು?

ನವೆಂಬರಿನಲ್ಲಿ, ಅರವತ್ತು ದಾಟಿದ ತಂದೆ-ತಾಯಿಯವರನ್ನು ಕರೆದುಕೊಂಡು ನಾಲ್ಕು ದಿನಗಳ ಮಟ್ಟಿಗೆ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೊರಟಿದ್ದೀರಿ, ಮೂವರೂ ಸಸ್ಯಾಹಾರಿಗಳು, ಅಷ್ಟು ದೊಡ್ಡ ಗದ್ದಲದ ಊರಿನಲ್ಲಿ ಎಲ್ಲಿ ಉಳಿಯಬೇಕು, ಏನನ್ನು ನೋಡಬೇಕು, ನಡುವೆ ಕಡಲತೀರದ ಪಟ್ಟಾಯವನ್ನೂ ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ಆ ಊರಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿರುವವನಾಗಿ, ಒಮ್ಮೆ ನನ್ನ ಅತ್ತೆ-ಮಾವನವರನ್ನೂ ಕರೆದೊಯ್ದವನಾಗಿ ನನ್ನ ಸಲಹೆ ಇಷ್ಟು: ಚಾವೊ ಫ್ರಯಾ ನದಿಯ ಹತ್ತಿರ ಉಳಿದುಕೊಳ್ಳಿ, ಊರನ್ನು ದೋಣಿಯಿಂದ ನೋಡಲು ತೊಡಗಿರಿ, ಪಟ್ಟಾಯವನ್ನು ಈ ಸಲ ಬಿಟ್ಟುಬಿಡಿ. ಹೋಗಿಬರುವ ದಾರಿಯಲ್ಲೇ ಒಂದು ದಿನದ ಬಹುಪಾಲು ಕಳೆದುಹೋಗುವ ಆ ಪ್ರವಾಸಕ್ಕಾಗಿ, ನೋಡಲು ಇಷ್ಟೊಂದು ಇರುವ ಊರಿನ ಕಾಲು ಭಾಗವನ್ನು ಬಿಟ್ಟುಕೊಡುವುದು ನ್ಯಾಯವಲ್ಲ.

ನದಿಯಿಂದಲೇ ಏಕೆ ಎಂಬುದಕ್ಕೆ ಊರಿನ ಇತಿಹಾಸದಲ್ಲೇ ಉತ್ತರವಿದೆ. 1767ರಲ್ಲಿ ಬರ್ಮಾದ ಸೈನ್ಯ ಆಗಿನ ರಾಜಧಾನಿ ಅಯುತ್ತಾಯವನ್ನು ನಾಶ ಮಾಡಿದ ಮೇಲೆ ದೊರೆ ತಾಕ್ಸಿನ್ ನದಿಯ ಪಶ್ಚಿಮ ದಡದ ಥೋನ್‌ಬುರಿಯಲ್ಲಿ ರಾಜಧಾನಿ ಕಟ್ಟಿದ. 1782ರಲ್ಲಿ ಒಂದನೆಯ ರಾಮ ಎಂದು ಹೆಸರಾದ ದೊರೆ ಅದನ್ನು ಪೂರ್ವ ದಡಕ್ಕೆ ಸಾಗಿಸಿದ. ಒಂದು ಕಡೆ ನದಿಯ ತಿರುವು, ಉಳಿದ ಕಡೆ ತೋಡಿದ ಕಾಲುವೆಗಳು, ಹೀಗೆ ನೀರಿನಿಂದ ಸುತ್ತುವರಿದ ಆ ನೆಲವೇ ಇಂದಿನ ರತ್ತನಕೋಸಿನ್, ಅಂದರೆ ಹಳೆಯ ಊರು. ಸುಮಾರು ಎಂಬತ್ತು ವರ್ಷಗಳ ಕಾಲ ಜನ, ಸರಕು, ರಾಜಪರಿವಾರ ಎಲ್ಲವೂ ಮುಖ್ಯವಾಗಿ ನೀರಿನ ಮೇಲೆಯೇ ಓಡಾಡಿದವು. ಚರೋನ್ ಕ್ರುಂಗ್ ಎಂಬ ಮೊದಲ ಆಧುನಿಕ ರಸ್ತೆ ಬಂದದ್ದು 1860ರ ದಶಕದಲ್ಲಿ. ಆದ್ದರಿಂದ ನೀವು ನೋಡಲೇಬೇಕಾದ ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವು ನದಿಯಿಂದ ನಡೆದುಹೋಗುವಷ್ಟು ದೂರದಲ್ಲಿವೆ. ಆಮೇಲೆ ಬೆಳೆದ ಊರು ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿಕೊಂಡಿತು, ಆ ರಸ್ತೆಗಳು ವಾಹನಗಳಿಂದ ತುಂಬಿಹೋದವು. 1999ರ ಡಿಸೆಂಬರ್ 5ರಂದು ಬಿಟಿಎಸ್ ಎಂಬ ಮೇಲ್ಸೇತುವೆಯ ರೈಲು ಓಡತೊಡಗಿದ ಮೇಲೆ, 2004ರಲ್ಲಿ ನೆಲದಡಿಯ ಎಂಆರ್‌ಟಿ ಬಂದ ಮೇಲೆ, ಅದೂ ಸುಲಭವಾಗಿ ತಿರುಗಾಡಬಹುದಾದ ಊರಾಯಿತು.

ಈ ಎರಡೂ ಊರುಗಳು ಕೂಡುವ ಜಾಗ ಸಫಾನ್ ತಾಕ್ಸಿನ್. ಬಿಟಿಎಸ್ ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಸಾಥೋರ್ನ್ ಜೆಟ್ಟಿ. ಅದರ ಆಸುಪಾಸಿನಲ್ಲಿ, ಹತ್ತು ನಿಮಿಷದ ನಡಿಗೆಯೊಳಗೆ ಹೋಟೆಲ್ ಹಿಡಿಯಿರಿ. ನದಿಗೇ ಮುಖ ಮಾಡಿದ ದುಬಾರಿ ಹೋಟೆಲ್ ಬೇಕಿಲ್ಲ, ಹಿಂದಿನ ಬೀದಿಗಳಲ್ಲಿ ಸಾಧಾರಣ ದರದ ಒಳ್ಳೆಯ ಕೋಣೆಗಳಿವೆ. ಸುಖುಮ್ವಿತ್ ರಸ್ತೆಯ ಕಡೆ ಉಳಿಯಿರಿ ಎಂದು ಅನೇಕರು ಹೇಳುತ್ತಾರೆ. ಅಂಗಡಿ, ಮಾಲ್‌ಗಳಿಗಾಗಿಯೇ ಹೋಗುವವರಿಗೆ ಅದು ಸರಿ, ನಿಮ್ಮ ತಂದೆ-ತಾಯಿಯವರಿಗೆ ಅಲ್ಲ.

ಜೆಟ್ಟಿಯಲ್ಲಿ ಪ್ರವಾಸಿಗರಿಗೆಂದೇ ಇರುವ ನೀಲಿ ಬಾವುಟದ ದೋಣಿಯ ಟಿಕೆಟನ್ನು ಮೊದಲು ಮುಂದೊಡ್ಡುತ್ತಾರೆ. ಊರಿನ ಜನ ಹತ್ತುವುದು ಕಿತ್ತಳೆ ಬಾವುಟದ ಎಕ್ಸ್‌ಪ್ರೆಸ್ ದೋಣಿಯನ್ನು. ಎಷ್ಟೇ ದೂರ ಹೋದರೂ ಅಲ್ಲಿನ ಹಣದಲ್ಲಿ ತಲಾ 16 ಬಾತ್ ಆಸುಪಾಸು. ದೋಣಿ ದಡ ಸೇರುವಾಗ ಹಿಂತುದಿಯಲ್ಲಿ ನಿಂತ ಹುಡುಗನೊಬ್ಬ ಚಾಲಕನಿಗೆ ಬಗೆಬಗೆಯ ಸೀಟಿ ಊದಿ ಸನ್ನೆ ಕೊಡುತ್ತಾ, ಹಗ್ಗವನ್ನು ಜೆಟ್ಟಿಯ ಗೂಟಕ್ಕೆ ಒಂದೇ ಎಸೆತದಲ್ಲಿ ಸುತ್ತುತ್ತಾನೆ. ಜನ ಇಳಿದು ಹತ್ತುವಷ್ಟರಲ್ಲಿ ಹಗ್ಗ ಬಿಚ್ಚಿಯೂ ಆಗಿರುತ್ತದೆ. ಒಳಗೆ ಟಿಕೆಟ್ ಕೊಡುವಾಕೆ ಕೊಳವೆಯಂಥ ಲೋಹದ ಡಬ್ಬಿಯನ್ನು ಕಟಕಟ ಆಡಿಸುತ್ತಾ ಬರುತ್ತಾಳೆ, ಚಿಲ್ಲರೆಯೂ ಟಿಕೆಟ್ ಸುರುಳಿಯೂ ಅದರಲ್ಲೇ ಇರುತ್ತವೆ. ನಿಲುಗಡೆ ಅಷ್ಟು ಚಿಕ್ಕದಾದ್ದರಿಂದ ನಿಮ್ಮ ನಿಲ್ದಾಣ ಬರುವ ಮೊದಲೇ ಹಿರಿಯರನ್ನು ಎಬ್ಬಿಸಿ ಹಿಂಬದಿಗೆ ಕರೆತನ್ನಿ, ನೀವು ಮೊದಲು ಇಳಿದು ಅವರ ಕೈ ಹಿಡಿಯಿರಿ. ಬೆಳಿಗ್ಗೆ ಕಚೇರಿಗೆ ಹೋಗುವವರ ನೂಕುನುಗ್ಗಲು ಮುಗಿದ ಮೇಲೆ ಹೊರಟರೆ ಕೂರಲು ಜಾಗವೂ ಸಿಗುತ್ತದೆ.

ಇದಕ್ಕೆ ಒಂದು ವಿನಾಯಿತಿ ಅರಮನೆಗೆ ಹೋಗುವ ದಿನ. ಗ್ರ್ಯಾಂಡ್ ಪ್ಯಾಲೇಸ್ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಗೆ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಬಿಸಿಲೂ ಗುಂಪುಗಳೂ ಏರುವ ಮೊದಲು ತಾ ಚಾಂಗ್ ಜೆಟ್ಟಿಯಲ್ಲಿ ಇಳಿದು ಬಾಗಿಲಿಗೆ ಹೋಗಿಬಿಡಿ. ವಿದೇಶಿಯರಿಗೆ ಪ್ರವೇಶ 500 ಬಾತ್. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ನಿಮ್ಮ ತಾಯಿಯವರ ಸೀರೆ, ತಂದೆಯವರ ಪೂರ್ಣ ಪ್ಯಾಂಟು ಎರಡೂ ಸಲ್ಲುತ್ತವೆ. ಒಳಗೆ ಎಲ್ಲರೂ ನೇರವಾಗಿ ಮರಕತ ಬುದ್ಧನ ಮಂದಿರಕ್ಕೆ ನುಗ್ಗುತ್ತಾರೆ. ಎತ್ತರದ ಪೀಠದ ಮೇಲಿರುವ ಆ ಹಸಿರು ಕಲ್ಲಿನ ಮೂರ್ತಿ ಒಂದು ಮೀಟರ್ ಎತ್ತರವೂ ಇಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ಅದರ ಚಿನ್ನದ ಉಡುಪನ್ನು ದೊರೆಯೇ ವರ್ಷಕ್ಕೆ ಮೂರು ಸಲ ಬದಲಿಸುವ ಪದ್ಧತಿಯಿದೆ. ಅದನ್ನು ನೋಡಿ, ಆದರೆ ನಿಮ್ಮ ಹೆಚ್ಚಿನ ಸಮಯವನ್ನು ಸುತ್ತಲಿನ ಪೌಳಿಗೆ ಇಟ್ಟುಕೊಳ್ಳಿ.

ಆ ಪೌಳಿಯ ಗೋಡೆಗಳ ಮೇಲೆ ಥಾಯ್ ರಾಮಾಯಣವಾದ ರಾಮಕಿಯೆನ್ ಕಥೆ 178 ಭಿತ್ತಿಚಿತ್ರಗಳಲ್ಲಿ, ಉತ್ತರದ ಬಾಗಿಲಿನಿಂದ ಆರಂಭವಾಗಿ ಪ್ರದಕ್ಷಿಣೆಯಾಗಿ ಸಾಗುತ್ತದೆ. ಅರಮನೆಗಳ ಗೋಪುರಗಳಿಗೂ ವೀರರ ಕಿರೀಟಗಳಿಗೂ ಚಿನ್ನದ ಲೇಪವಿದೆ. ಹನುಮಂತ ಬಿಳಿಯ ಮೈಬಣ್ಣದವನು, ರಾವಣ ಹಸಿರು ಮುಖದವನು. ನಮ್ಮ ಹಿರಿಯರು ಯಕ್ಷಗಾನ ಪ್ರಸಂಗಗಳಲ್ಲಿ ಕೇಳಿರುವ, ವಾಲ್ಮೀಕಿಯಲ್ಲಿ ಇಲ್ಲದ ಮೈರಾವಣನ ಕಥೆ ಇಲ್ಲಿ ಮೈಯರಾಪ್ ಎಂಬ ಹೆಸರಿನಲ್ಲಿ ಬರುತ್ತದೆ. ನಿದ್ರಿಸುತ್ತಿರುವ ರಾಮನನ್ನು ಪಾತಾಳಕ್ಕೆ ಕದ್ದೊಯ್ಯಲು ಅವನು ಬರಲಿರುವಾಗ, ಹನುಮಂತ ಬೃಹದಾಕಾರ ತಾಳಿ ರಾಮನ ಬಿಡಾರವನ್ನು ತನ್ನ ಬಾಯೊಳಗೇ ಇಟ್ಟುಕೊಂಡು ಕಾಯುತ್ತಾನೆ. ತೆರೆದ ಬಾಯಿಯೊಳಗೆ ಪುಟ್ಟ ಮಂಟಪ ಕಾಣುವಂತೆ ಬಿಡಿಸಿದ ಆ ಚಿತ್ರದ ಮುಂದೆ ನನ್ನ ಮಾವನವರು ಬಹಳ ಹೊತ್ತು ನಿಂತಿದ್ದರು. ನಮ್ಮಲ್ಲಿ ಹನುಮಂತ ಬಾಲವನ್ನೇ ಕೋಟೆಯಾಗಿ ಸುತ್ತುತ್ತಾನಲ್ಲ ಎಂದು ಅವರು ಅತ್ತೆಯವರಿಗೆ ವಿವರಿಸುತ್ತಿದ್ದುದನ್ನು ಪಕ್ಕದಲ್ಲಿದ್ದ ಅಪರಿಚಿತರೂ ಕೈಸನ್ನೆಗಳಿಂದಲೇ ಅರ್ಥ ಮಾಡಿಕೊಂಡು ನಕ್ಕರು. ಇದೇ ಕಥೆಯಲ್ಲಿ ಹನುಮಂತ ಬ್ರಹ್ಮಚಾರಿಯಲ್ಲ, ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ. ಇದನ್ನು ನಿಮ್ಮ ತಂದೆ-ತಾಯಿಯವರಿಗೆ ಮೊದಲೇ ಹೇಳಿಟ್ಟಿರಿ. ಗರ್ಭಮಂದಿರದೊಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ಪೌಳಿಯಲ್ಲಿ ತೆಗೆಯಬಹುದು.

ಅರಮನೆಯ ದಕ್ಷಿಣಕ್ಕೆ ವಾಟ್ ಫೋ ದೇವಾಲಯ. ಅಲ್ಲಿ ಪವಡಿಸಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಕಟ್ಟಡ ಮೂರ್ತಿಗೆ ಸರಿಯಾಗಿ ಬಿಗಿಯಾಗಿರುವುದರಿಂದ ಇಡೀ ಆಕೃತಿ ಒಮ್ಮೆಗೆ ಕಣ್ಣಿಗೆ ಸಿಗುವುದಿಲ್ಲ, ಕಂಬಗಳ ಸಂದಿಯಿಂದ ತುಂಡುತುಂಡಾಗಿ ನೋಡುತ್ತಾ ಪಾದದ ಕಡೆಗೆ ನಡೆಯಬೇಕು. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪು ಕೆತ್ತಿ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಹಿಂಬದಿಯ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆಗಳಿದ್ದು, ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಜನ ಸಾಗುತ್ತಾರೆ. ಚಿಲ್ಲರೆ ನಾಣ್ಯಗಳ ಬಟ್ಟಲು ಅಲ್ಲೇ ಸಿಗುತ್ತದೆ. ಥಾಯ್ ಅಂಗಮರ್ದನದ ಹಳೆಯ ಶಾಲೆಯೂ ಇದೇ ಆವರಣದಲ್ಲಿದೆ, ನಡೆದು ದಣಿದ ಹಿರಿಯರಿಗೆ ಪಾದದ ಮಾಲೀಶು ಇಲ್ಲೇ ಮಾಡಿಸಬಹುದು. ಸಂಜೆ ತಾ ತಿಯೆನ್ ಜೆಟ್ಟಿಯಿಂದ ಐದು ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಅದರ ಗೋಪುರ ಪೂರ್ತಿ ಪಿಂಗಾಣಿ ಚೂರುಗಳಿಂದ ಮಾಡಿದ ಹೂಬಳ್ಳಿಗಳಿಂದ ಮುಚ್ಚಿದೆ. ಗೋಪುರದ ಮೆಟ್ಟಿಲುಗಳು ಕಡಿದಾಗಿವೆ, ಹಿರಿಯರನ್ನು ಕೆಳಗಿನ ತೋಟದಲ್ಲೇ ಕೂರಿಸಿ.

ಅರಮನೆಯ ಸುತ್ತಮುತ್ತ ಶುಭ್ರವಾಗಿ ಉಡುಪು ಧರಿಸಿದ, ಒಳ್ಳೆಯ ಇಂಗ್ಲಿಷ್ ಮಾತನಾಡುವ ಯಾರಾದರೂ ಎದುರಾಗಿ, ಇಂದು ಹಬ್ಬವಾದ್ದರಿಂದ ಅರಮನೆ ಮುಚ್ಚಿದೆ, ಅಲ್ಲಿಯವರೆಗೆ ಬೇರೆ ದೇವಾಲಯ ತೋರಿಸುತ್ತೇನೆ ಎಂದರೆ ನಿಲ್ಲದೆ ಮುಂದೆ ನಡೆಯಿರಿ. ಇಪ್ಪತ್ತು ಬಾತಿಗೆ ಊರೆಲ್ಲ ಸುತ್ತಿಸುವ ಟುಕ್‌ಟುಕ್ ಕೊನೆಗೆ ನಿಲ್ಲುವುದು ರತ್ನದ ಅಂಗಡಿಯ ಮುಂದೆ. ಅಲ್ಲಿ ಕೊಂಡ ಕಲ್ಲಿಗೆ ನಮ್ಮ ಊರಿನಲ್ಲಿ ಆ ಬೆಲೆ ಸಿಗುವುದಿಲ್ಲ. ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಅದರ ಬಾಗಿಲಿನಲ್ಲಿ ಮಾತ್ರ ಕೇಳಿ.

ಊಟದ ವಿಷಯದಲ್ಲಿ ನಿಮ್ಮ ಆತಂಕ ನಿಜವಾದದ್ದೇ. ತರಕಾರಿ ಪಲ್ಯಕ್ಕೂ ಮೀನಿನ ರಸ ಅಥವಾ ಸಿಂಪಿಯ ಸಾಸ್ ಬೀಳುತ್ತದೆ, ಹಸಿ ಪಪ್ಪಾಯಿಯ ಕೋಸಂಬರಿಗೆ ಒಣ ಸೀಗಡಿ ಸೇರುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಇವು ನಿಲ್ಲುವುದಿಲ್ಲ. ಅಲ್ಲಿನ ಚೀನೀ ಬೌದ್ಧ ಸಂಪ್ರದಾಯದ ‘ಜೇ’ ಊಟವನ್ನು ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿಗಳಲ್ಲಿ ಅದು ಸಿಗುತ್ತದೆ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಅದರಲ್ಲಿ ನಿಷಿದ್ಧ, ಹಾಗಾಗಿ ಮಡಿವಂತ ಹಿರಿಯರಿಗೂ ಒಪ್ಪುತ್ತದೆ. ಯಾವರತ್ ಎಂಬ ಚೀನೀ ಪೇಟೆಯಲ್ಲಿ ಇಂಥ ಅಂಗಡಿಗಳು ಹೆಚ್ಚು. ಚಪಾತಿ-ದಾಲ್ ಬೇಕೆನಿಸಿದ ದಿನ ಪಕ್ಕದ ಪಾಹುರತ್‌ಗೆ ಹೋಗಿ. ಭಾರತೀಯ ಬಟ್ಟೆ ವ್ಯಾಪಾರಿಗಳ ಆ ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ದೊಡ್ಡ ಗುರುದ್ವಾರದಲ್ಲಿ ಲಂಗರ್ ನಡೆಯುತ್ತದೆ. ಕತ್ತರಿಸಿಟ್ಟ ಅನಾನಸ್, ಸೀಬೆ, ಪಪ್ಪಾಯಿ ಬೀದಿಬೀದಿಯಲ್ಲಿ ಸಿಗುವುದರಿಂದ ಹಸಿವಿನಿಂದ ಯಾರೂ ಕಂಗೆಡಬೇಕಿಲ್ಲ.

ಪಾಹುರತ್‌ನಿಂದ ನದಿಯ ಕಡೆಗೆ ನಡೆದರೆ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಮಾರುಕಟ್ಟೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಂತೆ ಇಲ್ಲಿಯೂ ಚೆಂಡುಹೂವು ಮೂಟೆಗಟ್ಟಲೆ ಬರುತ್ತದೆ, ಹೆಂಗಸರು ಕುಳಿತಲ್ಲೇ ಮಲ್ಲಿಗೆ ಮೊಗ್ಗನ್ನು ಉದ್ದನೆಯ ಸೂಜಿಗೆ ಏರಿಸಿ ತುದಿಗೆ ಗುಲಾಬಿ ಕಟ್ಟಿ ಮಾಲೆ ಮಾಡುತ್ತಾರೆ. ಸಿಲೋಮ್ ರಸ್ತೆಯಲ್ಲಿ ತಮಿಳು ವಲಸಿಗರು 19ನೆಯ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ಗುಡಿಯಿದೆ. ಅಲ್ಲಿ ಕೈಮುಗಿಯುವವರಲ್ಲಿ ಥಾಯ್ ಜನರೇ ಬಹಳ.

ತೇಲುವ ಮಾರುಕಟ್ಟೆಗೆಂದು ನೂರು ಕಿಲೋಮೀಟರ್ ದೂರದ ದಾಮ್ನೋನ್ ಸಾದುವಾಕ್‌ಗೆ ಕರೆದೊಯ್ಯುವ ಪ್ಯಾಕೇಜುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಅಲ್ಲಿ ಉಳಿದಿರುವುದು ಬಹುಮಟ್ಟಿಗೆ ಪ್ರವಾಸಿಗರ ವ್ಯಾಪಾರ. ಬದಲಿಗೆ ಒಂದು ಬೆಳಿಗ್ಗೆ ಉದ್ದನೆಯ ದಂಡದ ತುದಿಗೆ ನೀರು ತಳ್ಳುವ ಚಕ್ರ ಸಿಕ್ಕಿಸಿದ ಎಂಜಿನ್ ದೋಣಿಯನ್ನು, ದರ ಮತ್ತು ಅವಧಿ ಮೊದಲೇ ಮಾತಾಡಿಕೊಂಡು, ಥೋನ್‌ಬುರಿಯ ಕಾಲುವೆಗಳಿಗೆ ಗೊತ್ತುಮಾಡಿ. ಗೂಟಗಳ ಮೇಲೆ ನಿಂತ ಮರದ ಮನೆಗಳು, ನೀರಿಗಿಳಿಯುವ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುವವರು, ಕಟ್ಟೆಯ ಮೇಲೆ ಬಿಸಿಲು ಕಾಯಿಸುವ ದಪ್ಪ ಉಡಗಳು, ಅಂಗಳದ ಕುಂಡದಲ್ಲಿ ಅರಳಿದ ತಾವರೆ ಎಲ್ಲವೂ ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಸಾನ್ ಸಾಪ್ ಕಾಲುವೆಯ ವೇಗದ ದೋಣಿ ಮಾತ್ರ ಹಿರಿಯರಿಗೆ ಬೇಡ. ಕೊಳಕು ನೀರು ಸಿಡಿಯದಂತೆ ಪ್ಲಾಸ್ಟಿಕ್ ಪರದೆ ಎಳೆದುಕೊಳ್ಳಬೇಕು, ಅಂಚಿನ ಮೇಲೆ ಹತ್ತಿ ಒಳಕ್ಕೆ ಇಳಿಯಬೇಕು.

ಮಾಲ್‌ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಸಿಯಾಮ್ ನಿಲ್ದಾಣದಲ್ಲಿ ಇಳಿದರೆ ಸುತ್ತಲೂ ಅವೇ ಇವೆ. ನಿಮ್ಮ ದಿನಗಳಲ್ಲಿ ಶನಿವಾರ ಅಥವಾ ಭಾನುವಾರ ಬಂದರೆ ಚಾತುಚಕ್ ಸಂತೆಗೆ ಬೆಳಿಗ್ಗೆ ಹೋಗಿ ಬಿಸಿಲೇರುವ ಮೊದಲು ಹೊರಬನ್ನಿ.

ನವೆಂಬರ್ ಒಳ್ಳೆಯ ಆಯ್ಕೆ, ಮಳೆ ಕಡಿಮೆಯಾಗಿರುತ್ತದೆ. ಥಾಯ್ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆ ಸಾಮಾನ್ಯವಾಗಿ ಆ ತಿಂಗಳಲ್ಲೇ ಬರುತ್ತದೆ, ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ. ಅಂದು ಲೋಯ್ ಕ್ರಥೋಂಗ್ ಹಬ್ಬ. ಬಾಳೆದಿಂಡಿನ ಬಿಲ್ಲೆಗೆ ಎಲೆ, ಹೂ ಸಿಂಗರಿಸಿ ದೀಪ-ಊದುಬತ್ತಿ ಹಚ್ಚಿ ನೀರಿಗೆ ಬಿಡುತ್ತಾರೆ. ನಿಮ್ಮ ದಿನಾಂಕ ಇನ್ನೂ ಗೊತ್ತಾಗಿಲ್ಲದಿದ್ದರೆ ಆ ರಾತ್ರಿ ಊರಿನಲ್ಲಿರುವಂತೆ ಟಿಕೆಟ್ ಮಾಡಿಸಿ. ಜೆಟ್ಟಿಗಳಲ್ಲಿ ವಿಪರೀತ ಜನಸಂದಣಿ ಇರುವುದರಿಂದ ದೀಪ ಬಿಡಲು ಒಳಗಿನ ಯಾವುದಾದರೂ ಉದ್ಯಾನದ ಕೊಳವನ್ನು ಆರಿಸಿಕೊಳ್ಳಿ.

ನಡವಳಿಕೆಯಲ್ಲಿ ಎಚ್ಚರ ಬೇಕಾದದ್ದು ಕೆಲವೇ ಸಂಗತಿಗಳು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಕೇಳಿದರೆ ಎಲ್ಲರಂತೆ ನಿಲ್ಲಿ. ರಾಜಮನೆತನದ ಬಗ್ಗೆ ಹಗುರವಾಗಿ ಮಾತನಾಡುವುದು ಅಲ್ಲಿ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಬುದ್ಧನ ಮೂರ್ತಿಯ ಕಡೆಗೆ ಕಾಲು ಚಾಚಬಾರದು. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ, ದೋಣಿಯಲ್ಲಿ ಅವರಿಗೆಂದು ಬಿಟ್ಟ ಜಾಗದಲ್ಲಿ ನಿಲ್ಲಬೇಡಿ.

ಅಲ್ಲಿಗೆ ತಲುಪುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡನ್ನು ಸರ್ಕಾರಿ ತಾಣದಲ್ಲಿ ಮೂವರಿಗೂ ತುಂಬಿ. ಅದು ಉಚಿತ, ಹಣ ಕೇಳುವ ತಾಣಗಳು ಖಾಸಗಿಯವು. ಭಾರತೀಯರ ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯ ತಾಣವನ್ನೇ ನೋಡಿ. ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಪ್ರತಿ ಸಲ 200 ಬಾತ್ ಮೀರಿದ ಶುಲ್ಕ ಹಿಡಿಯುತ್ತಾರೆ, ಹಾಗಾಗಿ ಒಮ್ಮೆಗೇ ಹೆಚ್ಚು ತೆಗೆಯಿರಿ. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ರೈಲಿದ್ದರೂ ಸಫಾನ್ ತಾಕ್ಸಿನ್‌ವರೆಗೆ ಎರಡು ಕಡೆ ಬದಲಿಸಬೇಕು. ಲಗೇಜು, ಹಿರಿಯರು ಇರುವಾಗ ಕೆಳ ಅಂತಸ್ತಿನಲ್ಲಿ ಸರದಿ ಚೀಟಿ ಪಡೆದು ಮೀಟರ್ ಟ್ಯಾಕ್ಸಿ ಹತ್ತಿ. ಮೀಟರಿನ ಮೇಲೆ 50 ಬಾತ್ ಮತ್ತು ಹೆದ್ದಾರಿ ಸುಂಕ ಕೊಡುವುದು ನ್ಯಾಯವಾದ ಲೆಕ್ಕ. ಮರಳುವಾಗ ಟಿಕೆಟಿನಲ್ಲಿ ಸುವರ್ಣಭೂಮಿ ಎಂದಿದೆಯೋ ಡಾನ್ ಮುವಾಂಗ್ ಎಂದಿದೆಯೋ ಮತ್ತೊಮ್ಮೆ ನೋಡಿಕೊಳ್ಳಿ. ಒಂದು ಊರಿನ ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ ಇದೆ, ಸಂಜೆಯ ಹೊತ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಓಡಿ ವಿಮಾನ ಹಿಡಿಯುವುದು ಸಾಧ್ಯವಾಗುವುದಿಲ್ಲ.