ಹಳೆಯ ಕೆಲಸವನ್ನು ಮರೆಯುವುದು ಹೇಗೆ? ಮೊಳೆ ಜೋಡಿಸುತ್ತಿದ್ದವನ ಉತ್ತರ

ಹುಬ್ಬಳ್ಳಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತು ವರ್ಷ ಕೈಯಿಂದ ಲೆಕ್ಕ ಬರೆದಿದ್ದೀರಿ. ಈಗ ತಂತ್ರಾಂಶ ಬಂದಿದೆ, ತರಬೇತಿಯೂ ಮುಗಿದಿದೆ. ಆದರೂ ಎಲ್ಲವನ್ನೂ ಮೊದಲು ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಏರಿಸುತ್ತೀರಿ. ಹಳೆಯದನ್ನು ಮರೆಯಿರಿ ಎಂದು ವ್ಯವಸ್ಥಾಪಕರು ಹೇಳುತ್ತಾರೆ, ಮರೆಯುವುದು ಹೇಗೆ ಎಂದು ಕೇಳಿದ್ದೀರಿ.

ನಾನು ಗದಗಿನವನು. ಈ ಊರನ್ನು ಮುದ್ರಣ ಕಾಶಿ ಎನ್ನುತ್ತಾರೆ. ನಾನು ಬದುಕು ಕಟ್ಟಿಕೊಂಡದ್ದೂ ಅಚ್ಚಿನ ಕೆಲಸದಲ್ಲೇ. ಲೆಕ್ಕಪತ್ರ ನನಗೆ ತಿಳಿಯದು, ಆದರೆ ನಿಮ್ಮ ಸಂಕಟ ತಿಳಿಯುತ್ತದೆ. ಎರಡು ಸಲ ಅನುಭವಿಸಿದ್ದೇನೆ.

1988ರಲ್ಲಿ ಹತ್ತನೆಯ ತರಗತಿ ಮುಗಿಸಿ ಮೊಳೆ, ಅಂದರೆ ಒಂದೊಂದು ಅಕ್ಷರದ ಅಚ್ಚು, ಜೋಡಿಸುವ ಕೆಲಸಕ್ಕೆ ಸೇರಿದೆ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್, ಎದುರಿಗೆ ಇಳಿಜಾರಾಗಿ ನಿಂತ ಕೇಸು, ಅದರ ಗೂಡುಗಳಲ್ಲಿ ಸೀಸದ ಮೊಳೆಗಳು. ಪ್ರತಿ ಮೊಳೆಯ ಮೈಯಲ್ಲೂ ಒಂದು ಸಣ್ಣ ಕಚ್ಚು ಇರುತ್ತದೆ. ಹೆಬ್ಬೆರಳಿಗೆ ಅದು ತಾಗಿದರೆ ಸಾಕು, ಅಕ್ಷರ ಸರಿಯಾಗಿ ನಿಂತಿದೆ ಎಂದು ನೋಡದೆಯೇ ತಿಳಿಯುತ್ತಿತ್ತು. ಅಕ್ಷರಗಳು ತಲೆಕೆಳಗಾಗಿ ನಿಲ್ಲುತ್ತವೆ, ಸಾಲು ಎಡದಿಂದ ಬಲಕ್ಕೇ ಸಾಗುತ್ತದೆ. ಸಾಲು ಸ್ಟಿಕ್ಕಿನ ಅಳತೆಗೆ ಬಿಗಿಯಾಗಿ ಕೂಡಬೇಕು. ಪದ ಹಿಡಿಸದಿದ್ದರೆ ಅದನ್ನು ಒಡೆದು ಅಡ್ಡಗೆರೆ ಹಾಕಬೇಕು. ಜಾಗ ಉಳಿದರೆ ಪದಗಳ ನಡುವೆ ಸ್ಪೇಸು ತುಂಬಬೇಕು. ಸಡಿಲ ಬಿಟ್ಟರೆ ಯಂತ್ರ ಓಡುವಾಗ ಮೊಳೆ ಕಿತ್ತುಬರುತ್ತದೆ. ಹೀಗೆ ದಿನಕ್ಕೆ ನೂರಾರು ಸಾಲು, ಹತ್ತು ವರ್ಷ.

1997ರಲ್ಲಿ ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ‘ಜಿಲ್ಲೆ: ಧಾರವಾಡ’ ಎಂದಿದ್ದ ಲೆಟರ್‌ಹೆಡ್, ರಸೀದಿ ಪುಸ್ತಕ, ಲಕೋಟೆಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಬೇಕಾಯಿತು. ಆ ಕೆಲಸದ ಭರಾಟೆಯಲ್ಲಿ ಕೈಕಾಲು ಸೋತ ನಮ್ಮ ಮಾಲೀಕರು ಮರುವರ್ಷ ಕಂಪ್ಯೂಟರ್ ತಂದಿಟ್ಟರು. ಕೀಲಿಮಣೆ ಎರಡು ತಿಂಗಳಲ್ಲಿ ಕೈಗೆ ಬಂತು. ಕಲಿತುಬಿಟ್ಟೆ ಎಂದುಕೊಂಡೆ.

ಆಗ ಬಂದದ್ದು ನಿವೃತ್ತ ಶಿಕ್ಷಕರೊಬ್ಬರ ಪುಸ್ತಕ, ಕ್ರೌನ್ ಅಳತೆಯಲ್ಲಿ 160 ಪುಟ. ಎಲ್ಲವನ್ನೂ ಟೈಪು ಮಾಡಿ, ಕರಡು ತಿದ್ದಿ, ಇನ್ನೇನು ಮುಗಿಯಿತು ಎನ್ನುವಾಗ ಅವರು, ಡೆಮಿ ಅಳತೆಗೆ ಬದಲಿಸಿ, ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದರು. ಅಳತೆ ಬದಲಿಸಿದೆ. ಪುಟ ಅಗಲವಾಯಿತು, ಸಾಲುಗಳು ಮಾತ್ರ ಹಳೆಯ ಜಾಗದಲ್ಲೇ ಮುರಿದು ನಿಂತವು. ಒಂದೊಂದು ಸಾಲಿನ ಕೊನೆಯಲ್ಲೂ ನಾನು ಎಂಟರ್ ಒತ್ತಿದ್ದೆ. ಪದ ಹಿಡಿಸದ ಕಡೆಯೆಲ್ಲ ನನ್ನ ಕೈಯಿಂದಲೇ ಅಡ್ಡಗೆರೆ ಹಾಕಿದ್ದೆ. ಎಂಟರ್‌ಗಳನ್ನು ಅಳಿಸಿದರೆ ‘ಪಾಠ-ಶಾಲೆ’, ‘ವಿದ್ಯಾ-ರ್ಥಿ’ ಎಂದು ಅಡ್ಡಗೆರೆಗಳು ಸಾಲಿನ ನಡುವೆ ಬಂದು ಕುಳಿತವು. ಎಲ್ಲವನ್ನೂ ಹುಡುಕಿ ತೆಗೆಯಲು ನಾಲ್ಕು ರಾತ್ರಿ ಹಿಡಿಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಂಪ್ಯೂಟರಿನಲ್ಲಿ ಸಾಲು ತಾನಾಗಿಯೇ ಮುರಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ಸಾಲಿನ ಅಂಚು ಬಂದ ಕೂಡಲೇ ಬೆರಳು ಕೇಳದೆ ಎಂಟರ್‌ಗೆ ಹೋಗುತ್ತಿತ್ತು. ನಿಮ್ಮ ಕಿರ್ದಿಯ ಕಥೆಯೂ ಇದೇ ಇರಬಹುದು. ಹೊಸದು ನಿಮಗೆ ಬರುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ನಿಮಗೆ ಬರುತ್ತದೆ. ಹಳೆಯದು ಅದಕ್ಕಿಂತ ಒಂದು ಕ್ಷಣ ಮೊದಲು ಬಂದುಬಿಡುತ್ತದೆ, ಅಷ್ಟೇ.

ಎರಡನೆಯ ಪೆಟ್ಟು ಹೆಚ್ಚು ನೋಯಿಸಿತು, ಏಕೆಂದರೆ ಆಗ ನಾನು ಕಚೇರಿಯಲ್ಲಿ ಹಿರಿಯನಾಗಿದ್ದೆ. ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತಿದ್ದವು. ನಮ್ಮಲ್ಲಿ ಅಂದವಾಗಿ ಕಾಣುತ್ತಿದ್ದ ಪುಟ, ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಅರ್ಥವಿಲ್ಲದ ಚಿಹ್ನೆಗಳ ಗುಂಪಾಗುತ್ತಿತ್ತು. ಯೂನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಕೊಟ್ಟು ಈ ತೊಂದರೆಯನ್ನು ತಪ್ಪಿಸಿತು. ಗಿರಾಕಿಗಳು ಅದನ್ನೇ ಕೇಳತೊಡಗಿದಾಗ ನಾವೂ ಬದಲಾಗಬೇಕಾಯಿತು.

‘ವರ್ಷ’ ಎಂಬ ಪದವನ್ನೇ ನೋಡಿ. ಮೊಳೆಯ ಕಾಲದಲ್ಲಿ ಮೊದಲು ವ, ಆಮೇಲೆ ಷ, ಕೊನೆಗೆ ಅರ್ಕಾವತ್ತಿನ ಮೊಳೆ. ಕಣ್ಣಿಗೆ ಕಾಣುವ ಕ್ರಮ ಅದೇ ತಾನೆ. ನಾನು ಬಳಸುತ್ತಿದ್ದ ಹಳೆಯ ಫಾಂಟಿನಲ್ಲೂ ಅರ್ಕಾವತ್ತಿಗೆ ಬೇರೆ ಕೀಲಿ ಇತ್ತು, ಅದನ್ನು ಷ ಆದ ಮೇಲೆ ಒತ್ತುತ್ತಿದ್ದೆ. ಯೂನಿಕೋಡಿನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ನಿಲ್ಲಬೇಕು: ವ, ಆಮೇಲೆ ರ್, ಆಮೇಲೆ ಷ. ಇಪ್ಪತ್ತೈದು ವರ್ಷದ ಅಭ್ಯಾಸ ಬಿಡಲಿಲ್ಲ. ನನ್ನ ಕೈಯಿಂದ ‘ವಷರ್’, ‘ಧಮರ್’, ‘ಕಾಯರ್’ ಎಂದು ಬರುತ್ತಿತ್ತು. ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ ‘ಕಾಯರ್ಕ್ರಮ’ ಎಂದೇ ಅಚ್ಚಾಗಿ, ಇನ್ನೂರು ಪ್ರತಿಗಳನ್ನು ಮತ್ತೆ ಹಾಕಿಕೊಟ್ಟೆ. ಆ ಮನೆಯವರು ಏನೂ ಅನ್ನಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ನನಗೆ ದಾರಿ ತೋರಿಸಿದವಳು ಆಗಷ್ಟೇ ಸೇರಿದ್ದ ಬೆಟಗೇರಿಯ ಹುಡುಗಿ. ಮೊಳೆಯನ್ನು ಅವಳು ನೋಡಿಯೂ ಇರಲಿಲ್ಲ. ಎರಡು ದಿನ ಸುಮ್ಮನೆ ನನ್ನ ಕೈಯನ್ನು ನೋಡಿ, “ಕಾಕಾ, ನೀವು ನೋಡಿಕೊಂಡು ಒತ್ತುತ್ತಿದ್ದೀರಿ. ಬಾಯಲ್ಲಿ ಹೇಳಿಕೊಂಡು ಒತ್ತಿರಿ” ಎಂದಳು. ಆಮೇಲೆ ನನ್ನ ಒಪ್ಪಿಗೆ ಪಡೆದು ನನ್ನ ಕಂಪ್ಯೂಟರಿನಿಂದ ಹಳೆಯ ಫಾಂಟುಗಳನ್ನು ತೆಗೆದುಹಾಕಿದಳು. ತೀರಾ ಬೇಕಾದರೆ ಅವಳ ಮೇಜಿಗೆ ಹೋಗಬೇಕು. ಮೊದಲ ವಾರ ನನ್ನ ವೇಗ ಅರ್ಧಕ್ಕಿಂತ ಕೆಳಗಿಳಿಯಿತು. ದೊಡ್ಡ ಪುಸ್ತಕಗಳನ್ನು ಅವಳು ವಹಿಸಿಕೊಂಡಳು. ನಾನು ವಿಸಿಟಿಂಗ್ ಕಾರ್ಡು, ಕರಪತ್ರ, ಶ್ರದ್ಧಾಂಜಲಿಯಂಥ ಚಿಕ್ಕ ಕೆಲಸಗಳನ್ನು ಇಟ್ಟುಕೊಂಡೆ. ವ-ರ್-ಷ ಎಂದು ತುಟಿಯಲ್ಲೇ ಗುನುಗುತ್ತ ಕೂರುತ್ತಿದ್ದೆ. ಸುಮಾರು ಆರನೆಯ ವಾರ ಗುನುಗುವುದು ತಾನಾಗಿಯೇ ನಿಂತಿತು.

ಹಳೆಯದಕ್ಕೆ ದಾರಿ ತೆರೆದಿಟ್ಟು ಅದನ್ನು ಬಿಡುತ್ತೇನೆ ಎಂದರೆ ಆಗುವುದಿಲ್ಲ ಎಂಬುದು ನನ್ನ ಅನುಭವ. ಅವಸರದ ಹೊತ್ತಿನಲ್ಲಿ ಕೈ ಗುರುತಿನ ದಾರಿಯನ್ನೇ ಹಿಡಿಯುತ್ತದೆ. ಒಂದೇ ದಿನ ಎರಡು ಪದ್ಧತಿಯಲ್ಲಿ ಕೆಲಸ ಮಾಡಿದರೆ ಎರಡೂ ಕೆಡುತ್ತವೆ.

ಆದರೆ ‘ಹಳೆಯದನ್ನೆಲ್ಲ ಮರೆಯಿರಿ’ ಎಂಬ ನಿಮ್ಮ ವ್ಯವಸ್ಥಾಪಕರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ. ಪುಸ್ತಕ ಅಚ್ಚು ಹಾಕುವ ದೊಡ್ಡ ಹಾಳೆಯೊಂದನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಅಚ್ಚಿನ ಹಾಳೆಯಲ್ಲಿ ಪುಟಗಳು ಓದುವ ಕ್ರಮದಲ್ಲಿ ಇರುವುದಿಲ್ಲ. 1ರ ಪಕ್ಕದಲ್ಲಿ 16, 8ರ ಪಕ್ಕದಲ್ಲಿ 9, 4ರ ಪಕ್ಕದಲ್ಲಿ 13. ಜೋಡಿಯನ್ನು ಕೂಡಿಸಿದರೆ ಯಾವಾಗಲೂ 17 ಬರಬೇಕು. ಈಗ ಪುಟ ಹೊಂದಿಸುವ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಆದರೂ ಪ್ಲೇಟು ಮಾಡಿಸಲು ಕಳಿಸುವ ಮುನ್ನ ನಾನು ರದ್ದಿ ಕಾಗದ ಮಡಿಸಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು, ಪರದೆಯೊಂದಿಗೆ ತಾಳೆ ನೋಡುತ್ತೇನೆ. ಎರಡು ಸಲ ಹೀಗೆ ತಪ್ಪು ಸಿಕ್ಕಿದೆ. ಸಿಗದಿದ್ದರೆ ಸಾವಿರ ಪ್ರತಿಯ ಕಾಗದ ರದ್ದಿಗೆ ಹೋಗುತ್ತಿತ್ತು. ಆ ಹುಡುಗಿಯೂ ಈಗ ಕಾಗದ ಮಡಿಸುತ್ತಾಳೆ. ತಲೆಕೆಳಗಾದ ಅಕ್ಷರಗಳನ್ನು ಒಂದೊಂದಾಗಿ ಓದಿದ ಕಣ್ಣೂ ನನ್ನಲ್ಲಿ ಉಳಿದಿದೆ. ಈಚೆಗೆ ಲೇಖಕರು ಮೊಬೈಲಿಗೆ ಮಾತಾಡಿಯೇ ಬರಹ ಕಳಿಸುತ್ತಾರೆ. ಅದರಲ್ಲಿ ನ-ಣ, ಲ-ಳ ಅದಲುಬದಲಾದದ್ದನ್ನು ಹಿಡಿಯಲು ಆ ಕಣ್ಣೇ ಬೇಕು.

ನಿಮ್ಮ ವಿಷಯಕ್ಕೆ ಬರುತ್ತೇನೆ. 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗಿನಿಂದ ಈ ಭಾಗದಲ್ಲಿ ಜನ ನಂಬಿ ಹಣ ಇಟ್ಟದ್ದು ಬರೆದವರ ಲೆಕ್ಕದ ಮೇಲೆ. ಆ ಪರಂಪರೆಯವರು ನೀವು. ಇಪ್ಪತ್ತು ವರ್ಷದ ಆ ಬರವಣಿಗೆಯಲ್ಲಿ ಎರಡು ಕೆಲಸಗಳು ಬೆರೆತುಹೋಗಿವೆ ಎಂದು ನನಗೆ ಅನಿಸುತ್ತದೆ. ಒಂದು, ಪ್ರತಿ ವ್ಯವಹಾರವನ್ನೂ ಪುಸ್ತಕಕ್ಕೆ ಇಳಿಸುವುದು. ಅದನ್ನು ಈಗ ತಂತ್ರಾಂಶ ಮಾಡುತ್ತದೆ. ನೀವು ಎರಡೆರಡು ಸಲ ಬರೆದರೆ ತಪ್ಪುಗಳೂ ಎರಡಾಗುತ್ತವೆ. ಇನ್ನೊಂದು, ಸಂಜೆ ಪೆಟ್ಟಿಗೆಯ ಹಣ ಎಣಿಸಿ, ಆರಂಭ ಶಿಲ್ಕಿಗೆ, ಅಂದರೆ ಬೆಳಿಗ್ಗೆ ಕೈಯಲ್ಲಿದ್ದ ಹಣಕ್ಕೆ, ದಿನದ ಜಮಾ ಕೂಡಿಸಿ, ಖರ್ಚು ಕಳೆದು, ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಹಣ, ಸರಿಹೋಯಿತೇ ಎಂದು ನಿಮ್ಮ ಕೈಯಿಂದ ನೋಡುವುದು. ಇದನ್ನು ಯಾರು ಹೇಳಿದರೂ ಬಿಡಬೇಡಿ.

ಹಾಗಾಗಿ ಒಂದು ತಿಂಗಳ ಮಟ್ಟಿಗೆ ಬೆಳಿಗ್ಗೆ ಬಂದೊಡನೆ ಕಿರ್ದಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟುಬಿಡಿ. ಮೊದಲ ವಾರ ನಿಮ್ಮ ಕಿಟಕಿಯ ಮುಂದೆ ಸಾಲು ಉದ್ದವಾಗುತ್ತದೆ, ಅದನ್ನು ವ್ಯವಸ್ಥಾಪಕರಿಗೆ ಮೊದಲೇ ತಿಳಿಸಿ. ಸಂಜೆ ಹಣ ಎಣಿಸುವ ಹೊತ್ತಿಗೆ ಮಾತ್ರ ಬೀಗದ ಕೈ ಕೇಳಿ ಪಡೆಯಿರಿ.